ಟೊಮೆಟೊ ತಳ ಕಪ್ಪಾದರೆ ಔಷಧಿ ಹುಡುಕಬೇಡಿ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಟೊಮೆಟೊದ್ದೇ ಗೋಳು. ಅದಕ್ಕೇ ಹೆಚ್ಚು ಜಾಗ ಹೋಗಿದೆ. ಉಳಿದವರು ಬೇಸರ ಮಾಡಿಕೊಳ್ಳಬಾರದು.

ಪ್ರಶ್ನೆ: ಕುಂಡದಲ್ಲಿ ಟೊಮೆಟೊ ಹಾಕಿದ್ದೇನೆ. ಗಿಡ ಸೊಗಸಾಗಿದೆ, ಕಾಯಿಯೂ ಕಚ್ಚಿದೆ. ಆದರೆ ಕಾಯಿ ಇನ್ನೂ ಹಸಿರಿರುವಾಗಲೇ ಅದರ ತಳ ಕಪ್ಪಾಗಿ, ಒಣಗಿದ ಚರ್ಮದ ಹಾಗೆ ಒಳಕ್ಕೆ ಕುಸಿಯುತ್ತಿದೆ. ಶಿಲೀಂಧ್ರನಾಶಕ ಹೊಡೆದರೂ ಪ್ರಯೋಜನವಾಗಲಿಲ್ಲ. ಮೊಟ್ಟೆ ಚಿಪ್ಪಿನ ಪುಡಿ ಹಾಕಲೇ?

ಉತ್ತರ: ಶಿಲೀಂಧ್ರನಾಶಕದ ಡಬ್ಬಿ ಮುಚ್ಚಿಡಿ. ಅಲ್ಲಿ ಶಿಲೀಂಧ್ರವೂ ಇಲ್ಲ, ಹುಳುವೂ ಇಲ್ಲ. ಬೆಳೆಯುವ ಕಾಯಿಯ ತುದಿಗೆ ಕ್ಯಾಲ್ಸಿಯಂ ಮುಟ್ಟದಿದ್ದರೆ ಹೀಗಾಗುತ್ತದೆ. ಹಾಗೆಂದು ನಿಮ್ಮ ಮಣ್ಣಿನಲ್ಲಿ ಕ್ಯಾಲ್ಸಿಯಂ ಇಲ್ಲ ಅಂತ ತಿಳಿಯಬೇಡಿ. ಸಾಮಾನ್ಯವಾಗಿ ಬೇಕಾದಷ್ಟು ಇರುತ್ತದೆ. ಆದರೆ ಅದು ನೀರಿನ ಜೊತೆಗೇ ಬೇರಿನಿಂದ ಮೇಲೇರಬೇಕು. ಎಲೆ ಹಗಲೆಲ್ಲ ನೀರನ್ನು ಆವಿಯಾಗಿ ಬಿಡುತ್ತಲೇ ಇರುವುದರಿಂದ ಎಳೆದುಕೊಳ್ಳುವ ಜೋರೂ ಅದಕ್ಕೇ ಹೆಚ್ಚು. ಕಾಯಿಗೆ ಆ ಶಕ್ತಿ ಇಲ್ಲ. ಬೇರಿನ ಬುಡ ಒಣಗಿದ ದಿನ ಬರುವ ಚೂರುಪಾರು ನೀರೆಲ್ಲ ಎಲೆಯ ಪಾಲಾಗಿ, ತೊಟ್ಟಿನಿಂದ ಅತಿ ದೂರದಲ್ಲಿರುವ ಕಾಯಿಯ ತಳ ಬರಿಗೈಯಲ್ಲಿ ಉಳಿಯುತ್ತದೆ. ಎಲೆಗೆ ಒಮ್ಮೆ ಸೇರಿದ ಕ್ಯಾಲ್ಸಿಯಂ ಮತ್ತೆ ಕಾಯಿಗೆ ವಾಪಸು ಬರುವುದೂ ಇಲ್ಲ. ಎಲೆಗೆ ಕ್ಯಾಲ್ಸಿಯಂ ದ್ರಾವಣ ಸಿಂಪಡಿಸಿ ಹೆಚ್ಚು ಲಾಭವಿಲ್ಲ ಅನ್ನುವುದು ಇದೇ ಕಾರಣಕ್ಕೆ.

ಮೊಟ್ಟೆ ಚಿಪ್ಪು ಮಣ್ಣಿನಲ್ಲಿ ಕರಗಲು ತಿಂಗಳುಗಟ್ಟಲೆ ಬೇಕು. ಅಷ್ಟರಲ್ಲಿ ಈ ಗಿಡದ ಆಯುಸ್ಸೇ ಮುಗಿದಿರುತ್ತದೆ. ಬಿಸಾಡಬೇಡಿ, ಪುಡಿ ಮಾಡಿ ಗೊಬ್ಬರದ ಗುಂಡಿಗೆ ಹಾಕಿ. ಚಿಪ್ಪು ಹಾಕಿದ ಮೇಲೆ ವಾಸಿಯಾಯಿತು ಅನ್ನುವವರು ಸುಳ್ಳು ಹೇಳುತ್ತಿಲ್ಲ. ಈ ತೊಂದರೆ ಹೆಚ್ಚಾಗಿ ಕಾಣುವುದು ಮೊದಲ ಗೊಂಚಲಿನಲ್ಲಿ. ಆಮೇಲೆ ಬೇರು ಹರಡಿಕೊಂಡಂತೆ ಎಷ್ಟೋ ಗಿಡಗಳು ತಾವೇ ಸುಧಾರಿಸಿಕೊಳ್ಳುತ್ತವೆ. ಹೆಸರು ಮಾತ್ರ ಆ ವಾರ ಹಾಕಿದ್ದು ಯಾವುದೋ ಅದಕ್ಕೆ ಹೋಗುತ್ತದೆ.

ನಿಮ್ಮ ಕೆಲಸ ಇಷ್ಟೇ: ಬುಡದಲ್ಲಿ ಹದ ಏರುಪೇರಾಗದಂತೆ ನೋಡಿಕೊಳ್ಳಿ. ಒಂದು ದಿನ ಒಣಗಿಸಿ ಇನ್ನೊಂದು ದಿನ ಕೆರೆ ಮಾಡುವುದೇ ಇದಕ್ಕೆ ಮೂಲ. ಗಡಿಯಾರ ನೋಡಿ ನೀರು ಹಾಕಬೇಡಿ. ಬೆರಳನ್ನು ಎರಡು ಗೆಣ್ಣು ಆಳಕ್ಕೆ ಚುಚ್ಚಿ. ಮೇಲ್ಮಣ್ಣು ಒಣಗಿ ಬಿಳಿಚಿದ್ದರೂ ಬೆರಳ ತುದಿಗೆ ತಂಪು ತಾಗಿ ಮಣ್ಣು ಅಂಟಿಕೊಂಡರೆ ಆ ಹೊತ್ತಿಗೆ ನೀರು ಬೇಡ. ಪುಡಿಪುಡಿಯಾಗಿ ಉದುರಿದರೆ, ಕುಂಡದ ತಳದ ತೂತಿನಿಂದ ಹೊರಬರುವ ತನಕ ನಿಧಾನಕ್ಕೆ ಹಾಕಿ. ಬುಡಕ್ಕೆ 5 ಸೆಂಟಿಮೀಟರಿನಷ್ಟು ತರಗೆಲೆ ಹೊದಿಸಿ, ಕಾಂಡಕ್ಕೆ ಮಾತ್ರ ತಾಗಿಸಬೇಡಿ. ಸಾರಜನಕದ ಗೊಬ್ಬರ, ಅದರಲ್ಲೂ ಯೂರಿಯಾ, ಸದ್ಯಕ್ಕೆ ನಿಲ್ಲಿಸಿ. ಎಲೆ ಹುಲುಸಾದಷ್ಟೂ ಕಾಯಿಯ ಪಾಲು ಕಡಿಮೆ. ಕುಂಡ ಚಿಕ್ಕದಿದ್ದರೆ ಎಷ್ಟು ಜತನ ಮಾಡಿದರೂ ಬಿಸಿಲಿಗೆ ಮಧ್ಯಾಹ್ನದೊಳಗೆ ಒಣಗುತ್ತದೆ. ಮುಂದಿನ ಸಲ 20 ಲೀಟರಿಗೆ ಕಡಿಮೆಯದ್ದು ಬೇಡ. ಕಪ್ಪಾದ ಕಾಯಿ ಸರಿಹೋಗುವುದಿಲ್ಲ, ಕಿತ್ತುಬಿಡಿ.

ಪ್ರಶ್ನೆ: ಸೌತೆ ಬಳ್ಳಿ ತುಂಬಾ ಹೂವು. ಒಂದೂ ಕಾಯಿ ನಿಲ್ಲದೆ ಉದುರುತ್ತಿವೆ. ಏನು ಸಿಂಪಡಿಸಲಿ?

ಉತ್ತರ: ಏನೂ ಬೇಡ. ಮೊದಲು ಹೂವಿನ ಹಿಂಭಾಗ ನೋಡಿ. ಬರೀ ತೆಳು ತೊಟ್ಟಿದ್ದರೆ ಅದು ಗಂಡು ಹೂವು, ಉದುರುವುದೇ ಅದರ ಧರ್ಮ. ಶುರುವಿನಲ್ಲಿ ಬರುವುದೆಲ್ಲ ಹೆಚ್ಚಾಗಿ ಅವೇ. ಹೂವಿನ ಹಿಂದೆ ಪುಟ್ಟ ಸೌತೆ ಮಿಡಿ ಇದ್ದರೆ ಹೆಣ್ಣು. ಆ ಮಿಡಿಯೂ ಹಳದಿಯಾಗಿ ಬಿದ್ದರೆ ಜೇನುಹುಳ ಬರುತ್ತಿಲ್ಲ ಅಂತ ಅನುಮಾನಿಸಬೇಕು. ಬೆಳಿಗ್ಗೆ ಹೂವು ಅರಳಿದ ಕೂಡಲೇ ಗಂಡು ಹೂವೊಂದನ್ನು ಕಿತ್ತು, ಎಸಳು ತೆಗೆದು, ಅದರ ಪರಾಗವನ್ನು ಹೆಣ್ಣು ಹೂವಿನ ನಡುವೆ ಮೆಲ್ಲಗೆ ಸವರಿ. ಕೀಟನಾಶಕ ಹೊಡೆಯುವ ಅಭ್ಯಾಸವಿದ್ದರೆ ಜೇನು ಬಾರದಿರಲು ಅದೇ ಸಾಕು.

ಪ್ರಶ್ನೆ: ಮೆಣಸಿನ ಗಿಡದ ಎಲೆ ಮುಟುರಿಕೊಂಡಿದೆ. ಬೇವಿನ ಎಣ್ಣೆ ಸಾಕೇ?

ಉತ್ತರ: ಎಲೆ ಯಾವ ಕಡೆ ಮುಟುರಿದೆ ಅಂತ ನೀವು ಬರೆದಿಲ್ಲ, ಬೇಕಾದದ್ದು ಅದೇ. ಅಂಚು ಮೇಲಕ್ಕೆ ಮಡಚಿದ್ದರೆ ಸಾಮಾನ್ಯವಾಗಿ ಥ್ರಿಪ್ಸ್. ಕುಡಿಯನ್ನು ಬಿಳಿ ಕಾಗದದ ಮೇಲೆ ತಟ್ಟಿ, ಎಳ್ಳಿಗಿಂತ ಸಣ್ಣ ಗೀರುಗಳು ಹರಿದಾಡಿದರೆ ಅನುಮಾನವೇ ಬೇಡ. ಎಲೆ ಕೆಳಕ್ಕೆ ಮಡಚಿ ಕಿರಿದಾಗಿದ್ದರೆ ನುಸಿ, ಅದು ಬರಿಗಣ್ಣಿಗೆ ಕಾಣುವುದು ಕಷ್ಟ. ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ಬೆರೆಯಲು ಕೆಲವು ಹನಿ ಸೋಪಿನ ದ್ರಾವಣ. ಸಂಜೆ ಹೊತ್ತು ಎಲೆಯ ಅಡಿಭಾಗಕ್ಕೆ ಹೊಡೆಯಿರಿ, ವಾರ ಬಿಟ್ಟು ಮತ್ತೊಮ್ಮೆ. ನುಸಿಗೆ ಗಂಧಕ ಹಾಕುವುದಾದರೆ ಎಣ್ಣೆ ಹೊಡೆದು ಎರಡು ವಾರವಾದರೂ ಕಳೆದಿರಲಿ, ಇಲ್ಲದಿದ್ದರೆ ಎಲೆ ಸುಟ್ಟುಹೋಗುತ್ತದೆ. ಇಡೀ ಗಿಡ ಕುಗ್ಗಿ, ಎಲೆಗಳು ಚಿಕ್ಕದಾಗಿ ಗುಂಪುಗೂಡಿ, ತಟ್ಟಿದಾಗ ಬಿಳಿ ನೊಣ ಏಳುತ್ತಿದ್ದರೆ ಅದು ವೈರಸ್ಸೇ ಇರಬೇಕು. ಅದಕ್ಕೆ ಮದ್ದಿಲ್ಲ. ಕನಿಕರ ತೋರಿಸದೆ ಕಿತ್ತುಹಾಕಿ, ಪಕ್ಕದ ಗಿಡಗಳಾದರೂ ಉಳಿಯಲಿ.

ಪ್ರಶ್ನೆ: ಕೊತ್ತಂಬರಿ ಬೀಜ ಹಾಕಿ ವಾರವಾಯಿತು, ಮೊಳಕೆಯೇ ಇಲ್ಲ.

ಉತ್ತರ: ಇನ್ನೊಂದು ವಾರ ತಾಳಿ, ಮಣ್ಣು ಕೆದಕಿ ನೋಡಬೇಡಿ. ಒಂದು ಕಾಳಿನಲ್ಲಿ ಎರಡು ಬೀಜವಿರುತ್ತದೆ, ಮುಂದಿನ ಸಲ ಹಗುರಾಗಿ ಉಜ್ಜಿ ಹೋಳು ಮಾಡಿ ಬಿತ್ತಿ. ನೇರವಾಗಿ ಪಾತಿಗೇ ಹಾಕಿ, ಕಿತ್ತು ನೆಟ್ಟರೆ ಅದಕ್ಕೆ ಆಗಿಬರುವುದಿಲ್ಲ.

ಪ್ರಶ್ನೆ: ಹುರುಳಿಕಾಯಿ ಗಿಡ ಕಿತ್ತಾಗ ಬೇರಿನ ತುಂಬ ಗಂಟುಗಳಿದ್ದವು. ಜಂತುಹುಳದ ರೋಗವೇ? ಆ ಪಾತಿಯ ಮಣ್ಣು ಬದಲಿಸಬೇಕೇ?

ಉತ್ತರ: ಗಂಟನ್ನು ಉಗುರಿನಿಂದ ತಳ್ಳಿ ನೋಡಿ. ಸಲೀಸಾಗಿ ಕಳಚಿ, ಒಳಗೆ ನಸುಗೆಂಪಾಗಿದ್ದರೆ ಅದು ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುವ ಬ್ಯಾಕ್ಟೀರಿಯಾದ ಮನೆ. ಮುಂದೆ ಇನ್ನೊಂದು ಹುರುಳಿಕಾಯಿ ಗಿಡ ತೆಗೆಯುವಾಗ ಬೇರು ಕೀಳದೆ, ಬುಡದಲ್ಲಿ ಕತ್ತರಿಸಿ ಬೇರನ್ನು ಮಣ್ಣಿನಲ್ಲೇ ಬಿಡಿ. ಗಂಟು ಕಳಚದೆ ಬೇರೇ ಊದಿಕೊಂಡಂತಿದ್ದರೆ ನಿಮ್ಮ ಅನುಮಾನ ಸರಿ. ಆಗ ಬೇರನ್ನೆಲ್ಲ ಆರಿಸಿ ತೆಗೆದು ಸುಟ್ಟುಬಿಡಿ. ಮಣ್ಣು ಬದಲಿಸುವ ಶ್ರಮ ಬೇಡ. ಆ ಪಾತಿಯಲ್ಲಿ ಮುಂದಿನ ಬೆಳೆಯಾಗಿ ಚೆಂಡುಹೂವನ್ನು ಒತ್ತಾಗಿ ಬೆಳೆಸಿ, ಟೊಮೆಟೊ, ಬದನೆ, ಬೆಂಡೆಯನ್ನು ಬೇರೆ ಕಡೆ ಹಾಕಿ.