ದೊಂರೆಮಿ: ಮನೆಯಲ್ಲ, ಒಡೆಯ

ಮಾನ್ಯರೇ, ಹದಿನೈದನೆಯ ಶತಮಾನದಲ್ಲಿ ಫ್ರೆಂಚ್ ಸೇನೆಯನ್ನು ಮುನ್ನಡೆಸಿದ ಹಳ್ಳಿಯ ಹುಡುಗಿ ಜೋನ್ ಆಫ್ ಆರ್ಕ್ ಹುಟ್ಟಿದ ‘ದೊಂರೆಮಿ ಲಾ ಪ್ಯುಸೆಲ್’ ಎಂಬ ಫ್ರಾನ್ಸಿನ ಪುಟ್ಟ ಹಳ್ಳಿಯ ಹೆಸರಿನಲ್ಲಿರುವ ‘ದೊಂ’ ಎಂದರೆ ಮನೆಯೇ ಎಂದು ಕೇಳಿದ್ದೀರಿ. ಅದು ಮನೆಯೆಂಬ ‘ದೋಮುಸ್’ ಅಲ್ಲ. ಒಡೆಯ, ಸ್ವಾಮಿ ಎಂಬ ಅರ್ಥದ ಲ್ಯಾಟಿನ್ ಪದ ‘ದೋಮಿನುಸ್’ ಸವೆದು ಉಳಿದ ರೂಪ. ಸಂತರ ಹೆಸರಿನ ಹಿಂದೆ ‘ಸೇಂಟ್’ ಸೇರಿಸುವ ರೂಢಿ ಬಲಿಯುವ ಮೊದಲು ಈ ಪದವನ್ನೇ ಗೌರವಸೂಚಕವಾಗಿ ಬಳಸುತ್ತಿದ್ದರು. ಪೂರ್ವ ಫ್ರಾನ್ಸಿನ ದೊಂಮಾರ್ತಾಂ, ದೊಂಪಿಯೇರ್ ಎಂಬ ಊರುಗಳೂ ಹೀಗೆಯೇ ಸಂತ ಮಾರ್ಟಿನ್ ಮತ್ತು ಸಂತ ಪೀಟರರ ಹೆಸರನ್ನು ಹೊತ್ತಿವೆ. ಇಲ್ಲಿನ ರೆಮಿ, ಫ್ರಾಂಕರ ದೊರೆ ಕ್ಲೋವಿಸನಿಗೆ ದೀಕ್ಷಾಸ್ನಾನ ಮಾಡಿಸಿದ ರೀಮ್ಸ್ ನಗರದ ಬಿಷಪ್. ಮ್ಯೂಸ್ ನದಿಯ ದಡದಲ್ಲಿರುವ ಈ ಊರಿನ ಚರ್ಚು ಇಂದಿಗೂ ಅವರದೇ ಹೆಸರಿನಲ್ಲಿದೆ.

‘ಲಾ ಪ್ಯುಸೆಲ್’ ಎಂದರೆ ಕನ್ಯೆ. ಅದು ಜೋನಳ ಬಿರುದು, ಊರಿನ ಹೆಸರಿಗೆ ಅವಳ ಕಾಲದ ನಂತರ ಸೇರಿದ್ದು. ಆ ಸೇರ್ಪಡೆಗಿಂತ ನನ್ನ ಮನಸ್ಸನ್ನು ಹೆಚ್ಚು ತಟ್ಟುವುದು ತೆರಿಗೆ ಪುಸ್ತಕದ ಒಂದು ಸಾಲು. 1429ರ ಜುಲೈನಲ್ಲಿ ರೀಮ್ಸ್‌ನಲ್ಲಿ ಕಿರೀಟ ಧರಿಸಿದ ಫ್ರಾನ್ಸಿನ ದೊರೆ ಏಳನೆಯ ಚಾರ್ಲ್ಸ್, ಅದೇ ತಿಂಗಳು ಜೋನಳ ಕೋರಿಕೆಯಂತೆ ದೊಂರೆಮಿಗೂ ನೆರೆಯ ಗ್ರೂ ಗ್ರಾಮಕ್ಕೂ ತೆರಿಗೆ ಮನ್ನಾ ಮಾಡಿದನು. ಅಲ್ಲಿಂದ ಮುಂದೆ ಮೊತ್ತ ಬರೆಯಬೇಕಾದ ಜಾಗದಲ್ಲಿ ಗುಮಾಸ್ತರು ‘ಏನೂ ಇಲ್ಲ, ಕನ್ಯೆಯ ಕಾರಣ’ ಎಂದು ಬರೆಯುತ್ತಿದ್ದರು.