ಸಿಎಂಬಿಯಲ್ಲಿ ಬರೀ 20% ರ್‍ಯಾಂಡಮ್ ಅನ್ನುವುದು ನಿಜವೇ?

ವಿಶ್ವದ ಹಿನ್ನೆಲೆ ವಿಕಿರಣದಲ್ಲಿ, ಅಂದರೆ ಮಹಾಸ್ಫೋಟದ ನಂತರ ಉಳಿದು ಇಡೀ ಆಕಾಶದಿಂದ ಬರುವ ಹಳೇ ಬೆಳಕಾದ ಸಿಎಂಬಿಯಲ್ಲಿ, ಐದನೇ ಒಂದು ಪಾಲು ಮಾತ್ರ ರ್‍ಯಾಂಡಮ್ ಅಂತ ಓದಿದೆ, ಇದು ನಿಜವೇ, ಇದನ್ನು ಪರೀಕ್ಷೆ ಮಾಡುವುದು ಹೇಗೆ ಎಂದು ಕೇಳಿದ್ದೀರಿ.

ಆ ಲೆಕ್ಕ ಮರುಪರೀಕ್ಷೆಯಲ್ಲಿ ನಿಲ್ಲಲಿಲ್ಲ. ಯಾಕೆ ಅನ್ನುವುದನ್ನು, ಸಂಖ್ಯಾಶಾಸ್ತ್ರ ಪಾಠ ಮಾಡುವವನಾಗಿ, ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಸಿಎಂಬಿಯ ತಾಪಮಾನ ಎಲ್ಲಾ ಕಡೆ ಸುಮಾರು 2.725 ಕೆಲ್ವಿನ್. ದಿಕ್ಕಿನಿಂದ ದಿಕ್ಕಿಗೆ ಲಕ್ಷದಲ್ಲಿ ಒಂದು ಭಾಗದಷ್ಟು ಏರುಪೇರು ಇದೆ. ಯಾವ ಜಾಗ ಬಿಸಿ, ಯಾವುದು ತಣ್ಣಗೆ ಅಂತ ಸಿದ್ಧಾಂತ ಹೇಳುವುದಿಲ್ಲ, ಅದು ರ್‍ಯಾಂಡಮ್. ಆದರೆ ಯಾವ ಗಾತ್ರದ ಮಚ್ಚೆಗಳಲ್ಲಿ ಏರುಪೇರು ಎಷ್ಟಿರಬೇಕು ಅಂತ ಖಚಿತವಾಗಿ ಹೇಳುತ್ತದೆ. ಸುಮಾರು 1 ಡಿಗ್ರಿ ಅಗಲದ ಮಚ್ಚೆಗಳಲ್ಲಿ ಅದು ಅತಿ ಜಾಸ್ತಿ. ಹಾಗಾಗಿ ಅಕ್ಕಪಕ್ಕದ ಬಿಂದುಗಳ ತಾಪಮಾನ ಹೆಚ್ಚುಕಡಿಮೆ ಒಂದೇ ಇರುತ್ತದೆ. ರ್‍ಯಾಂಡಮ್ ಆಗಿರುವುದು ಬೇರೆ, ಒಂದಕ್ಕೊಂದು ಸಂಬಂಧ ಇಲ್ಲದಿರುವುದು ಬೇರೆ. ಇಡೀ ಗೊಂದಲ ಇರುವುದು ಇಲ್ಲೇ.

ಆ ಐದನೇ ಒಂದು ಪಾಲಿನ ಲೆಕ್ಕ ಕೊಟ್ಟವರು ಭೌತವಿಜ್ಞಾನಿ ಗುರ್ಜಾದ್ಯಾನ್ ಮತ್ತು ಸಂಗಡಿಗರು. ಅವರು ಸಿಎಂಬಿ ಅಳೆದ ಡಬ್ಲ್ಯುಮ್ಯಾಪ್ ಉಪಗ್ರಹದ 7 ವರ್ಷದ ಮಾಹಿತಿಗೆ ಕೊಲ್ಮೊಗೊರೊವ್-ಸ್ಮಿರ್ನೋವ್ ಪರೀಕ್ಷೆ ಹಚ್ಚಿದರು. ಪರೀಕ್ಷೆ ಸರಳ. ಅಳತೆಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸುತ್ತೀರಿ. ಪ್ರತಿ ಬೆಲೆಗಿಂತ ಕೆಳಗೆ ಎಷ್ಟು ಪಾಲು ಅಳತೆಗಳಿವೆ ಅನ್ನುವುದನ್ನು ಸಿದ್ಧಾಂತದ ರೇಖೆಯ ಜೊತೆ ಹೋಲಿಸುತ್ತೀರಿ. ಎರಡರ ನಡುವಿನ ಅತಿ ದೊಡ್ಡ ಅಂತರವೇ ಉತ್ತರ. ಮುಖ್ಯ ಷರತ್ತು: ಅಳತೆಗಳು ಪರಸ್ಪರ ಸ್ವತಂತ್ರವಾಗಿರಬೇಕು.

ಡಬ್ಲ್ಯುಮ್ಯಾಪ್ ನಕ್ಷೆಯಲ್ಲಿ ಸುಮಾರು 31 ಲಕ್ಷ ಪಿಕ್ಸೆಲ್‌ಗಳಿವೆ. 1 ಡಿಗ್ರಿ ಅಗಲದ ಒಂದು ಚೌಕದಲ್ಲೇ 70ಕ್ಕೂ ಹೆಚ್ಚು ಬರುತ್ತವೆ. ಅವನ್ನು 70 ಸ್ವತಂತ್ರ ಅಳತೆ ಅಂತ ಎಣಿಸುವುದು, ಯಾರಿಗೆ ವೋಟು ಅಂತ ಒಂದೇ ಮನೆಯ ಹತ್ತು ಮಂದಿಯನ್ನು ಕೇಳಿ ಊರಿನ ಹತ್ತು ಅಭಿಪ್ರಾಯ ಸಿಕ್ಕಿತು ಅಂದುಕೊಂಡ ಹಾಗೆ. ಅಂತರ ಸಹಜವಾಗಿಯೇ ದೊಡ್ಡದಾಗುತ್ತದೆ, "ಇದು ರ್‍ಯಾಂಡಮ್ ಅಲ್ಲ" ಅನ್ನಿಸುತ್ತದೆ. ಸಿಗುರ್ಡ್ ನೆಸ್ ಎಂಬ ವಿಜ್ಞಾನಿ ಈ ಸಂಬಂಧವನ್ನು ಲೆಕ್ಕಕ್ಕೆ ಹಿಡಿದು ಅದೇ ಪರೀಕ್ಷೆಯನ್ನು ಮತ್ತೆ ಮಾಡಿದರು. ಸಿದ್ಧಾಂತದಿಂದ ಯಾವ ವ್ಯತ್ಯಾಸವೂ ಕಾಣಲಿಲ್ಲ.

2010ರಲ್ಲಿ ಗುರ್ಜಾದ್ಯಾನ್ ಮತ್ತು ರೋಜರ್ ಪೆನ್ರೋಸ್ ಆಕಾಶದಲ್ಲಿ ಒಂದರೊಳಗೊಂದು ವೃತ್ತಗಳಿವೆ ಅಂದಾಗಲೂ ಹೀಗೇ ಆಯಿತು. ಮೂರು ತಂಡಗಳು ಬೇರೆ ಬೇರೆಯಾಗಿ ಪರಿಶೀಲಿಸಿದವು. ಸರಿಯಾದ ಸಿಮ್ಯುಲೇಶನ್‌ನಲ್ಲಿ ತಯಾರಿಸಿದ ರ್‍ಯಾಂಡಮ್ ಆಕಾಶಗಳಲ್ಲೂ ಅಂಥ ವೃತ್ತಗಳು ಸಿಕ್ಕವು. ಆ ಮೂರರಲ್ಲಿ ಒಂದು ಪರಿಶೀಲನೆ ಮಾಡಿದವರು ಅಮೀರ್ ಹಜಿಯಾನ್. ಅವರು ಪುಣೆಯ ಖಗೋಳ ಸಂಶೋಧನಾ ಕೇಂದ್ರ ಐಯುಕಾದಲ್ಲಿದ್ದಾಗ ತರುಣ್ ಸೌರದೀಪ್ ಜೊತೆ, ಆಕಾಶ ಎಲ್ಲಾ ದಿಕ್ಕಿನಲ್ಲೂ ಅಂಕಿಅಂಶದ ಮಟ್ಟಿಗೆ ಒಂದೇ ರೀತಿ ಇದೆಯೇ ಅಂತ ನೋಡುವ ವಿಧಾನ ಕಟ್ಟಿದವರು. ಸೌರದೀಪ್ ಮುಂದೆ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ನಿರ್ದೇಶಕರಾದರು.

ನನ್ನ ಪ್ರಕಾರ ಈಗ ನಂಬಬಹುದಾದ ಪರೀಕ್ಷೆ ಬೈಸ್ಪೆಕ್ಟ್ರಮ್. ಮೂರು ಬಿಂದುಗಳನ್ನು ಒಟ್ಟಿಗೆ ನೋಡುತ್ತದೆ. ಏರುಪೇರು ಪೂರ್ತಿ ಗಾಸಿಯನ್, ಅಂದರೆ ಸಿದ್ಧಾಂತ ಹೇಳುವಂತೆ ಗಂಟೆಯಾಕಾರದ ಹಂಚಿಕೆಯದ್ದು, ಆಗಿದ್ದರೆ ಅದರ ಅಳತೆ ಸೊನ್ನೆ. ಪ್ಲಾಂಕ್ ಉಪಗ್ರಹದ 2018ರ ಫಲಿತಾಂಶದಲ್ಲಿ, ಅತಿ ಸರಳ ಮಾದರಿಗೆ, ಬಂದದ್ದು −0.9, ಅನಿಶ್ಚಿತತೆ 5.1. ಸೊನ್ನೆಯೇ ಅನ್ನಬಹುದು.

ಹಾಗಂತ ಎಲ್ಲಾ ಮುಗಿದಿಲ್ಲ. ಎರಿಡನಸ್ ನಕ್ಷತ್ರಪುಂಜದ ಕಡೆ ದೊಡ್ಡದೊಂದು ತಣ್ಣನೆ ಮಚ್ಚೆ ಇದೆ. ಆಕಾಶದ ಒಂದು ಅರ್ಧದಲ್ಲಿ ಏರುಪೇರು ಇನ್ನೊಂದಕ್ಕಿಂತ ತುಸು ಜಾಸ್ತಿ. ಎರಡೂ ಡಬ್ಲ್ಯುಮ್ಯಾಪ್ ಮತ್ತು ಪ್ಲಾಂಕ್ ಎರಡರಲ್ಲೂ ಕಂಡಿವೆ, ಹಾಗಾಗಿ ಉಪಕರಣದ ದೋಷ ಅನ್ನುವುದು ಕಷ್ಟ. ಆದರೆ ಮೊದಲು ನಕ್ಷೆ ನೋಡಿ ಆಮೇಲೆ ಪರೀಕ್ಷೆ ಆರಿಸಿಕೊಂಡರೆ ಏನಾದರೂ ವಿಚಿತ್ರ ಸಿಕ್ಕೇ ಸಿಗುತ್ತದೆ. ಸ್ಟೀಫನ್ ಹಾಕಿಂಗ್ ಹೆಸರಿನ ಎರಡು ಇಂಗ್ಲಿಷ್ ಮೊದಲಕ್ಷರಗಳೂ ನಕ್ಷೆಯಲ್ಲಿ ಕಾಣುತ್ತವೆ ಅಂತ ಡಬ್ಲ್ಯುಮ್ಯಾಪ್ ತಂಡವೇ ತೋರಿಸಿತ್ತು. ನಮಗಿರುವುದು ಒಂದೇ ಆಕಾಶ, ಎರಡನೇ ಸಲ ಅಳೆಯಲು ಇನ್ನೊಂದಿಲ್ಲ. ದೊಡ್ಡ ಕೋನಗಳ ಮಟ್ಟಿಗೆ ತಾಪಮಾನದ ನಕ್ಷೆ ಹೇಳಬೇಕಾದ್ದನ್ನು ಹೆಚ್ಚುಕಡಿಮೆ ಹೇಳಿಯಾಗಿದೆ. ಇನ್ನು ಬೇಕಾಗಿರುವುದು ಅದೇ ಬೆಳಕಿನ ಧ್ರುವೀಕರಣದ, ಅಂದರೆ ಅದರ ಅಲೆ ಯಾವ ದಿಕ್ಕಿನಲ್ಲಿ ಕಂಪಿಸುತ್ತದೆ ಅನ್ನುವುದರ, ಇನ್ನೂ ನಿಖರವಾದ ನಕ್ಷೆ.