ಬೆಳೆಯುವ ಮಕ್ಕಳ ಊಟ: ಎಷ್ಟು ಬಡಿಸಬೇಕು, ಯಾವುದನ್ನು ಅಳೆಯಬೇಕು?

ಓದುಗರ ಪ್ರಶ್ನೆ, ಆಹಾರತಜ್ಞರ ಉತ್ತರ

ಪ್ರಶ್ನೆ: ನನ್ನ ಮಗನಿಗೆ 15 ವರ್ಷ, ಹತ್ತನೇ ತರಗತಿಯಲ್ಲಿದ್ದಾನೆ. ಒಂದು ವರ್ಷದಲ್ಲಿ 9 ಸೆಂಟಿಮೀಟರ್ ಬೆಳೆದು ಈಗ 169 ಸೆಂ.ಮೀ. ಎತ್ತರ, 54 ಕೆ.ಜಿ. ತೂಕ ಇದ್ದಾನೆ. ಬೆಳಿಗ್ಗೆ ಆರು ಇಡ್ಲಿ ತಿಂದು ಹೋದವನು ಸಂಜೆ ಶಾಲೆಯಿಂದ ಬಂದ ಕೂಡಲೇ ಮತ್ತೆ ಅನ್ನ ಹಾಕಿಸಿಕೊಳ್ಳುತ್ತಾನೆ. ರಾತ್ರಿ ಎರಡು ಮುದ್ದೆ ಉಂಡ ಮೇಲೂ ಮಜ್ಜಿಗೆಗೆ ಅನ್ನ ಬೇಕೆನ್ನುತ್ತಾನೆ. ಹೊಟ್ಟೆಯಲ್ಲಿ ಹುಳುವಿರಬೇಕೆಂದು ನಮ್ಮ ಅತ್ತೆಯವರು, ಹೀಗೇ ಬಿಟ್ಟರೆ ದಪ್ಪಗಾಗುತ್ತಾನೆಂದು ನಮ್ಮ ಮನೆಯವರು ಹೇಳುತ್ತಾರೆ. 13 ವರ್ಷದ ಮಗಳು ಇದಕ್ಕೆ ತದ್ವಿರುದ್ಧ. ಏಳೂಕಾಲರ ಶಾಲಾ ವ್ಯಾನ್ ಹಿಡಿಯುವ ಅವಸರದಲ್ಲಿ ತಿಂಡಿ ಬಿಡುತ್ತಾಳೆ, ರಾತ್ರಿ ಅರ್ಧ ಮುದ್ದೆಗೇ ಸಾಕೆನ್ನುತ್ತಾಳೆ. ಇಬ್ಬರಿಗೂ ಎಷ್ಟೆಷ್ಟು ಬಡಿಸಬೇಕೆಂದು ಲೆಕ್ಕದಲ್ಲಿ ತಿಳಿಸುತ್ತೀರಾ?
ಓದುಗರೊಬ್ಬರು, ವಿಜಯನಗರ, ಬೆಂಗಳೂರು

ಉತ್ತರ: ನಿಮ್ಮ ಮಗನ ಊಟವನ್ನು ದಯವಿಟ್ಟು ಕಡಿಮೆ ಮಾಡಬೇಡಿ. ಮನೆಯಲ್ಲಿ ಎಲ್ಲರ ಗಮನ ಅವನ ತಟ್ಟೆಯ ಮೇಲಿದೆ. ನಿಮ್ಮ ಪತ್ರವನ್ನು ಓದಿದಾಗ ನನಗೆ ಚಿಂತೆಯಾದದ್ದು ಮಗಳ ತಟ್ಟೆಯ ವಿಷಯದಲ್ಲಿ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಪ್ರಕಟಿಸಿದ ಪಟ್ಟಿಯ ಪ್ರಕಾರ 13ರಿಂದ 15 ವರ್ಷದ ಹುಡುಗನಿಗೆ ದಿನಕ್ಕೆ 2860 ಕಿಲೋಕ್ಯಾಲರಿ ಶಕ್ತಿ ಬೇಕು; 16ರಿಂದ 18ರ ವಯಸ್ಸಿನಲ್ಲಿ ಅದು 3320ಕ್ಕೆ ಏರುತ್ತದೆ. ಕುರ್ಚಿಯಲ್ಲಿ ಕುಳಿತು ಕೆಲಸ ಮಾಡುವ 65 ಕೆ.ಜಿ. ತೂಕದ ಗಂಡಸಿಗೆ ಅದೇ ಪಟ್ಟಿ ಹೇಳುವುದು 2110 ಮಾತ್ರ. ಆದ್ದರಿಂದ ಹತ್ತನೇ ತರಗತಿಯ ಮಗ ಕಚೇರಿಗೆ ಹೋಗುವ ತಂದೆಗಿಂತ ಹೆಚ್ಚು ಉಣ್ಣುವುದು ಹೊಟ್ಟೆಬಾಕತನವಲ್ಲ. ಹುಡುಗರ ಎತ್ತರ ಅತ್ಯಂತ ವೇಗವಾಗಿ ಏರುವುದು ಸುಮಾರು 14ನೇ ವಯಸ್ಸಿನ ಆಸುಪಾಸಿನಲ್ಲಿ, ಆಗ ವರ್ಷಕ್ಕೆ 9ರಿಂದ 10 ಸೆಂ.ಮೀ. ಬೆಳೆಯುವುದು ಸಹಜ. ನಿಮ್ಮ ಮಗ ಆ ಏರಿನಲ್ಲಿದ್ದಾನೆ. ನೀವು ಹೆಚ್ಚೆಂದು ಭಾವಿಸಿರುವ ಆರು ಇಡ್ಲಿಗಳು, ಮನೆಯ ಸಾಮಾನ್ಯ ಗಾತ್ರದವಾದರೆ, ಎಲ್ಲ ಸೇರಿ 400 ಕಿಲೋಕ್ಯಾಲರಿಯ ಆಸುಪಾಸು, ಅಂದರೆ ದಿನದ ಅಗತ್ಯದ ಏಳನೇ ಒಂದು ಭಾಗ.

ಈಗ ಮಗಳ ಲೆಕ್ಕಕ್ಕೆ ಬರೋಣ. 13ರಿಂದ 15 ವರ್ಷದ ಹುಡುಗಿಗೆ 2400 ಕಿಲೋಕ್ಯಾಲರಿ ಬೇಕೆಂದು ಅದೇ ಪಟ್ಟಿ ಹೇಳುತ್ತದೆ. ಕುಳಿತು ಕೆಲಸ ಮಾಡುವ ವಯಸ್ಕ ಹೆಂಗಸಿನ ಅಗತ್ಯ 1660. ನಿಮ್ಮ ಮಗಳಿಗೆ ನಿಮಗಿಂತ ಮಾತ್ರವಲ್ಲ, ಬಹುಶಃ ಅವಳ ತಂದೆಗಿಂತಲೂ ಹೆಚ್ಚು ಊಟ ಬೇಕು. ಈ ಮಾತನ್ನು ಕೇಳಿ ನಂಬಲಾರದೆ ಮತ್ತೊಮ್ಮೆ ವಿಚಾರಿಸುವ ತಾಯಂದಿರೇ ಹೆಚ್ಚು, ಏಕೆಂದರೆ ಗಂಡುಹುಡುಗ ಉಂಡರೆ ಬೆಳೆಯುವ ವಯಸ್ಸೆಂದೂ ಹೆಣ್ಣುಹುಡುಗಿ ಉಂಡರೆ ದಪ್ಪಗಾಗುತ್ತಾಳೆಂದೂ ಹೇಳುವ ಅಭ್ಯಾಸ ನಮ್ಮ ಎಷ್ಟೋ ಮನೆಗಳಲ್ಲಿ ಇನ್ನೂ ಉಳಿದಿದೆ. ಹುಡುಗಿಯರ ಬೆಳವಣಿಗೆಯ ಏರು ಹುಡುಗರಿಗಿಂತ ಸುಮಾರು ಎರಡು ವರ್ಷ ಮೊದಲೇ ಬರುತ್ತದೆ ಮತ್ತು ಮುಟ್ಟು ಆರಂಭವಾದ ನಂತರ ಎತ್ತರದ ಓಟ ನಿಧಾನವಾಗುತ್ತಾ ಹೋಗುತ್ತದೆ. ಆ ಕಾಲದಲ್ಲಿ ತಟ್ಟೆ ಬರಿದಾಗಿದ್ದರೆ ಮುಂದೆ ತುಂಬಿಕೊಳ್ಳಲು ಹುಡುಗಿಗೆ ಸಿಗುವ ಅವಕಾಶ ಕಡಿಮೆ.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕು. ಈ ಅಂಕಿಗಳು ಸುಮಾರು 50 ಕೆ.ಜಿ. ತೂಕವಿದ್ದು, ದಿನವೂ ಸಾಧಾರಣ ಪ್ರಮಾಣದಲ್ಲಿ ಓಡಾಡುವ, ಆಡುವ ಮಕ್ಕಳನ್ನು ಎದುರಿಗಿಟ್ಟುಕೊಂಡು ಹಾಕಿದವು. ವ್ಯಾನಿನಲ್ಲಿ ಹೋಗಿ, ಟ್ಯೂಷನ್ನಿನಲ್ಲಿ ಕುಳಿತು, ಮನೆಗೆ ಬಂದು ಮೊಬೈಲ್ ಹಿಡಿಯುವ ಮಗುವಿಗೆ ಇಷ್ಟು ಬೇಕಾಗಲಾರದು. ಸಂಜೆ ಎರಡು ಗಂಟೆ ಕಬಡ್ಡಿಯನ್ನೋ ಫುಟ್‌ಬಾಲನ್ನೋ ಆಡುವವರಿಗೆ ಇದೂ ಸಾಲದು. ಮಗಳಿಗೆ ಹಸಿವೇ ಇಲ್ಲವೆಂದರೆ ಅವಳು ಆಡುವುದನ್ನೇ ಬಿಟ್ಟಿದ್ದಾಳೆಯೇ ಎಂದು ಮೊದಲು ನೋಡಿ.

ಗ್ರಾಂ ಲೆಕ್ಕ ಕೇಳಿದ್ದೀರಿ. ಮಗನಿಗೆ ಇಡೀ ದಿನಕ್ಕೆ ಅಕ್ಕಿ, ರಾಗಿ, ಗೋಧಿ ಎಲ್ಲ ಸೇರಿ ಬೇಯಿಸುವ ಮೊದಲಿನ ತೂಕದಲ್ಲಿ ಸುಮಾರು 400 ಗ್ರಾಂ, ಬೇಳೆಕಾಳು 100 ಗ್ರಾಂ, ಹಾಲು ಮತ್ತು ಮೊಸರು ಸೇರಿ ಅರ್ಧ ಲೀಟರ್, ಕಡಲೆಕಾಯಿ ಬೀಜದಂಥವು 40 ಗ್ರಾಂ, ಒಗ್ಗರಣೆ, ತುಪ್ಪ ಸೇರಿ ಎಣ್ಣೆ ಜಿಡ್ಡು 35 ಗ್ರಾಂ, ಸೊಪ್ಪು ತರಕಾರಿ 400 ಗ್ರಾಂ ಮತ್ತು ಒಂದೆರಡು ಹಣ್ಣು ಇದ್ದರೆ ಲೆಕ್ಕ ಸರಿಹೊಂದುತ್ತದೆ. ಮಗಳಿಗೆ ಧಾನ್ಯ 320 ಗ್ರಾಂ, ಬೇಳೆಕಾಳು 90 ಗ್ರಾಂ, ಜಿಡ್ಡು 30 ಗ್ರಾಂ, ಉಳಿದದ್ದು ಹೆಚ್ಚುಕಡಿಮೆ ಅಣ್ಣನಷ್ಟೇ. ಇಬ್ಬರ ನಡುವಿನ ಅಂತರ ಎಷ್ಟು ಸಣ್ಣದೆಂಬುದನ್ನು ಗಮನಿಸಿ: ಅದು ದಿನಕ್ಕೆ ಸುಮಾರು ಒಂದು ಮುದ್ದೆಯ ಹಿಟ್ಟಿನಷ್ಟು. ಹಾಲು, ಸೊಪ್ಪಿನಲ್ಲಿ ಅಂತರವೇ ಇರಬಾರದು.

ಇದನ್ನು ಪ್ರತಿದಿನ ತೂಗುತ್ತಾ ಕೂರಬೇಕಾಗಿಲ್ಲ. ಒಂದೇ ಒಂದು ಬಾರಿ ಅಕ್ಕಿ, ಹಿಟ್ಟು, ಬೇಳೆಯನ್ನು ತೂಗಿ, ನಿಮ್ಮ ಮನೆಯ ಲೋಟದಲ್ಲಿ ಎಷ್ಟು ಹಿಡಿಯುತ್ತದೆಂದು ತಿಳಿದುಕೊಂಡರೆ ಸಾಕು. ಸಾಧಾರಣ ಗಾತ್ರದ ಮುದ್ದೆಗೆ 80ರಿಂದ 100 ಗ್ರಾಂ ರಾಗಿಹಿಟ್ಟು ಹಿಡಿಯುತ್ತದೆ. 100 ಗ್ರಾಂ ಅಕ್ಕಿ ಬೆಂದರೆ ಮೂರು ಪಟ್ಟಿನಷ್ಟು ತೂಕದ ಅನ್ನವಾಗುತ್ತದೆ.

ಬೆಂಗಳೂರಿನ ಮನೆಗಳಲ್ಲಿ ನಾನು ಕಾಣುವ ನಿಜವಾದ ಕೊರತೆ ಇರುವುದು ಮಧ್ಯಾಹ್ನದ ಡಬ್ಬಿಯಲ್ಲಿ. ಸರಕಾರಿ ಶಾಲೆಯ ಬಿಸಿಯೂಟದ ನಿಯಮದಂತೆ 6ರಿಂದ 8ನೇ ತರಗತಿಯ ಮಗುವಿನ ಒಂದು ಹೊತ್ತಿಗೆ 150 ಗ್ರಾಂ ಧಾನ್ಯ, 30 ಗ್ರಾಂ ಬೇಳೆ ಹಾಕಬೇಕು. ಊಟದಲ್ಲಿ 700 ಕಿಲೋಕ್ಯಾಲರಿ, 20 ಗ್ರಾಂ ಪ್ರೋಟೀನ್ ಇರಬೇಕು. ಅದೇ ವಯಸ್ಸಿನ ಖಾಸಗಿ ಶಾಲೆಯ ಮಗು ಒಯ್ಯುವ ಪುಟ್ಟ ಡಬ್ಬಿಯ ಚಿತ್ರಾನ್ನದಲ್ಲಿ ಅದರ ಅರ್ಧದಷ್ಟು ಅಕ್ಕಿಯೂ ಇರುವುದಿಲ್ಲ, ಬೇಳೆಯಂತೂ ಒಗ್ಗರಣೆಗೆ ಹಾಕಿದಷ್ಟೇ. ಆ ಮಗು ಸಂಜೆ ಬಂದು ಅನ್ನ ಕೇಳಿದರೆ, ಇಲ್ಲವೇ ದಾರಿಯ ಬೇಕರಿಯಲ್ಲಿ ಪಫ್ಸ್ ತಿಂದರೆ, ತಪ್ಪು ಮಗುವಿನದಲ್ಲ. ನಿಮ್ಮ ಮಗ ಸಂಜೆ ಮನೆಯ ಅನ್ನವನ್ನೇ ಕೇಳುತ್ತಿರುವುದು ಸಂತೋಷದ ಸಂಗತಿ. ಅವನ ಡಬ್ಬಿಯನ್ನು ದೊಡ್ಡದು ಮಾಡಿ. ಸಂಜೆಯ ಅನ್ನದ ಜೊತೆ ಕಾಳಿನ ಪಲ್ಯವನ್ನೋ ಉಸಲಿಯನ್ನೋ ಕೊಡಿ. ಡಿಸೆಂಬರ್, ಜನವರಿಯಲ್ಲಿ ಅವರೆಕಾಯಿ ಅಗ್ಗವಾಗಿ ಸಿಗುವಾಗ ಧಾರಾಳವಾಗಿ ಬಳಸಿ.

ಮಗಳ ಬೆಳಗಿನ ತಿಂಡಿಗೆ ವ್ಯಾನಿನ ಸಮಯವೇ ಅಡ್ಡಿಯಾಗಿದ್ದರೆ, ಕುಡಿದು ಹೋಗುವಂತೆ ಹಾಲು ಹಾಕಿದ ರಾಗಿ ಗಂಜಿ, ಕೈಯಲ್ಲಿ ಒಂದು ಬಾಳೆಹಣ್ಣು, ಸಣ್ಣ ಬಿಡುವಿನ ಡಬ್ಬಿಯಲ್ಲಿ ದೋಸೆಯನ್ನೋ ಚಪಾತಿಯನ್ನೋ ಇಟ್ಟುಬಿಡಿ. ಈ ವಯಸ್ಸಿಗೆ ದಿನಕ್ಕೆ 1000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ಅರ್ಧ ಲೀಟರ್ ಹಾಲಿನಲ್ಲಿ ಸುಮಾರು 600, 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇರುವುದರಿಂದ ಒಂದು ಪೂರ್ತಿ ಮುದ್ದೆ ಮತ್ತು ಹಾಲು ಮೊಸರಿನ ಪಾಲು ಅವಳಿಗೆ ದಿನವೂ ಸಿಕ್ಕರೆ ಆ ಚಿಂತೆ ಬಹುಮಟ್ಟಿಗೆ ತೀರಿತು.

ಹುಳುವಿನ ಬಗ್ಗೆ: ಜಂತುಹುಳು ಹೆಚ್ಚಾಗಿರುವ ಮಗು ಸಾಮಾನ್ಯವಾಗಿ ಸೊರಗುತ್ತದೆ, ಒಂದೇ ವರ್ಷದಲ್ಲಿ 9 ಸೆಂ.ಮೀ. ಬೆಳೆಯುವುದಿಲ್ಲ. ಶಾಲೆಗಳಲ್ಲಿ ಕೊಡುವ ಅಲ್ಬೆಂಡಜೋಲ್ 400 ಮಿ.ಗ್ರಾಂ ಮಾತ್ರೆಯನ್ನು ಇಬ್ಬರೂ ತಪ್ಪದೆ ನುಂಗಲಿ, ಅಷ್ಟು ಸಾಕು. ದಪ್ಪಗಾಗುವ ಬಗ್ಗೆ: ತೂಕವನ್ನು ಎತ್ತರದೊಡನೆ ಹೋಲಿಸಿದರೆ ನಿಮ್ಮ ಮಗನ ದೇಹತೂಕದ ಸೂಚ್ಯಂಕ 19ರ ಒಳಗೇ ಇದೆ, ಅದು ಆ ವಯಸ್ಸಿಗೆ ಸಹಜ. ತಟ್ಟೆಯನ್ನು ಅಳೆಯುವ ಬದಲು ಮಕ್ಕಳನ್ನು ಅಳೆಯಿರಿ. ಮೂರು ತಿಂಗಳಿಗೊಮ್ಮೆ ಇಬ್ಬರ ಎತ್ತರ, ತೂಕ ಬರೆದಿಟ್ಟು, ಭಾರತೀಯ ಮಕ್ಕಳ ತಜ್ಞರ ಅಕಾಡೆಮಿಯ 2015ರ ಬೆಳವಣಿಗೆ ನಕ್ಷೆಯಲ್ಲಿ ಮಕ್ಕಳ ವೈದ್ಯರಿಂದ ಗುರುತು ಹಾಕಿಸಿ. ಮಗುವಿನ ಗೆರೆ ತನ್ನ ದಾರಿಯಲ್ಲೇ ಸಾಗುತ್ತಿದ್ದರೆ ಊಟ ಸರಿಯಾಗಿದೆ. ಗೆರೆ ಬಿಟ್ಟು ಮೇಲಕ್ಕೋ ಕೆಳಕ್ಕೋ ಹೊರಳಿದರೆ ಆಗ ಊಟದ ಬಗ್ಗೆ ಮಾತನಾಡಬೇಕು.

ಒಂದು ಸಂದರ್ಭದಲ್ಲಿ ಮಾತ್ರ ತಡಮಾಡಬೇಡಿ. ಮಗು ವಿಪರೀತ ಉಣ್ಣುತ್ತಿದ್ದರೂ ತೂಕ ಇಳಿಯುತ್ತಿದ್ದರೆ, ಬಾಯಾರಿಕೆ ಹೆಚ್ಚಾಗಿ ರಾತ್ರಿ ಮೂತ್ರಕ್ಕೆ ಮತ್ತೆ ಮತ್ತೆ ಏಳುತ್ತಿದ್ದರೆ, ಅದೇ ದಿನ ರಕ್ತದ ಸಕ್ಕರೆಯನ್ನು ಪರೀಕ್ಷಿಸಿ. ಮಕ್ಕಳಿಗೆ ಬರುವ ಒಂದನೇ ಬಗೆಯ ಮಧುಮೇಹ ಹೀಗೆಯೇ ಕಾಣಿಸಿಕೊಳ್ಳುತ್ತದೆ.

ಪ್ರಶ್ನೆ: ನನಗೆ 16 ವರ್ಷ, ಮೊದಲ ಪಿಯುಸಿ. 157 ಸೆಂ.ಮೀ. ಎತ್ತರ, 44 ಕೆ.ಜಿ. ತೂಕ. ಸ್ನೇಹಿತೆಯರೆಲ್ಲ ರಾತ್ರಿ ಅನ್ನ ಬಿಟ್ಟಿದ್ದಾರೆಂದು ನಾನೂ ಒಂದು ಚಪಾತಿ ಮಾತ್ರ ತಿನ್ನುತ್ತಿದ್ದೇನೆ. ಬೆಳಿಗ್ಗೆ ತಿಂಡಿಯ ಜೊತೆ ಕಾಫಿ, ಮಧ್ಯಾಹ್ನ ಸ್ವಲ್ಪ ಪುಳಿಯೋಗರೆ. ಇತ್ತೀಚೆಗೆ ಮೆಟ್ಟಿಲು ಹತ್ತುವಾಗ ಸುಸ್ತು, ತಲೆಸುತ್ತು ಬರುತ್ತಿದೆ. ಮುಟ್ಟಿನಲ್ಲಿ ಸ್ರಾವವೂ ಹೆಚ್ಚು. ನಾನು ಎಷ್ಟು ಊಟ ಮಾಡಬೇಕು?
ಓದುಗಳೊಬ್ಬಳು, ಜಯನಗರ, ಬೆಂಗಳೂರು

ಉತ್ತರ: ನೀವು ಬರೆದು ಕೇಳಿದ್ದು ಒಳ್ಳೆಯದಾಯಿತು. ನಿಮ್ಮ ಎತ್ತರಕ್ಕೆ ನಿಮ್ಮ ತೂಕ ಈಗಾಗಲೇ ತೆಳ್ಳಗಿನ ಕಡೆಗೇ ಇದೆ, ಇಳಿಸುವ ಅಗತ್ಯ ಸ್ವಲ್ಪವೂ ಇಲ್ಲ. 16ರಿಂದ 18 ವರ್ಷದ ಹುಡುಗಿಗೆ ದಿನಕ್ಕೆ 2500 ಕಿಲೋಕ್ಯಾಲರಿ ಬೇಕು. ನೀವು ವಿವರಿಸಿದ ಊಟ ಅದರ ಅರ್ಧದಷ್ಟೂ ಇರುವಂತೆ ಕಾಣುವುದಿಲ್ಲ.

ಸುಸ್ತು ಮತ್ತು ತಲೆಸುತ್ತು ರಕ್ತಹೀನತೆಯ ಕಡೆಗೆ ಬೆರಳು ತೋರಿಸುತ್ತವೆ. ವಯಸ್ಕ ಗಂಡಸಿಗೆ ದಿನಕ್ಕೆ 19 ಮಿಲಿಗ್ರಾಂ ಕಬ್ಬಿಣಾಂಶ ಸಾಕಾದರೆ ನಿಮ್ಮ ವಯಸ್ಸಿನ ಹುಡುಗಿಗೆ 32 ಮಿಲಿಗ್ರಾಂ ಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ. 59ರಷ್ಟು ಮಂದಿಗೆ ರಕ್ತಹೀನತೆ ಕಂಡುಬಂದಿತ್ತು. ಈ ವಾರವೇ ಅಮ್ಮನ ಜೊತೆ ವೈದ್ಯರ ಬಳಿಗೆ ಹೋಗಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಅದು 12ಕ್ಕಿಂತ ಕಡಿಮೆ ಇದ್ದರೆ ಊಟದಿಂದ ಮಾತ್ರ ಸರಿಯಾಗುವುದು ಕಷ್ಟ, ಮಾತ್ರೆ ಬೇಕಾಗುತ್ತದೆ. ಸ್ರಾವದ ವಿಷಯವನ್ನೂ ಸಂಕೋಚವಿಲ್ಲದೆ ಹೇಳಿ. ಶಾಲೆಗಳಲ್ಲಿ ವಾರಕ್ಕೊಂದರಂತೆ ಕೊಡುವ 60 ಮಿ.ಗ್ರಾಂ ಕಬ್ಬಿಣಾಂಶದ ನೀಲಿ ಮಾತ್ರೆ ಕೊರತೆ ಬಾರದಂತೆ ತಡೆಯಲು. ಆಗಲೇ ಬಂದಿರುವ ಕೊರತೆಗೆ ಪ್ರಮಾಣವನ್ನು ವೈದ್ಯರೇ ನಿರ್ಧರಿಸಬೇಕು.

ತಿಂಡಿಯ ಜೊತೆಗಿನ ಕಾಫಿಯನ್ನು ಒಂದು ಗಂಟೆಯಾದರೂ ಮುಂದಕ್ಕೆ ಹಾಕಿ, ಏಕೆಂದರೆ ಕಾಫಿ ಟೀಗಳು ಊಟದ ಕಬ್ಬಿಣಾಂಶವನ್ನು ದೇಹ ಹೀರಿಕೊಳ್ಳದಂತೆ ತಡೆಯುತ್ತವೆ, ನಿಂಬೆ ಮತ್ತು ನೆಲ್ಲಿಕಾಯಿ ಹೀರಿಕೊಳ್ಳಲು ನೆರವಾಗುತ್ತವೆ. ಹುರುಳಿಕಾಳಿನ 100 ಗ್ರಾಮಿನಲ್ಲಿ 8ರಿಂದ 9, ರಾಗಿಯಲ್ಲಿ 4ರಿಂದ 5 ಮಿಲಿಗ್ರಾಂ ಕಬ್ಬಿಣಾಂಶವಿದೆ. ಮೊಳಕೆ ಬರಿಸಿದ ಹುರುಳಿಯ ಸಾರು, ಮುದ್ದೆ, ಜೊತೆಗೆ ನಿಂಬೆ ಹಿಂಡಿದ ಕೋಸಂಬರಿ ನಿಮಗೆ ಬಹಳ ಒಳ್ಳೆಯ ಊಟ. ಇದ್ದಕ್ಕಿದ್ದಂತೆ ಎರಡು ಪಟ್ಟು ಉಣ್ಣಲು ನಿಮ್ಮಿಂದ ಆಗದು. ಮೊದಲ ವಾರ ರಾತ್ರಿಯ ಅನ್ನ ಸಾರನ್ನು ಮರಳಿ ತನ್ನಿ, ಎರಡನೇ ವಾರ ಮಧ್ಯಾಹ್ನದ ಡಬ್ಬಿಗೆ ಕಾಳು ಮತ್ತು ಮೊಸರನ್ನು ಸೇರಿಸಿ, ಆಮೇಲೆ ಸಂಜೆಗೆ ಕಡಲೆಕಾಯಿ ಬೀಜ, ಹಾಲು. ಊಟದ ಎದುರು ಕುಳಿತಾಗ ಭಯವಾಗುವುದು, ಉಂಡ ಮೇಲೆ ತಪ್ಪು ಮಾಡಿದಂತೆನಿಸುವುದು, ಮುಟ್ಟು ನಿಂತುಹೋಗುವುದು, ಇವುಗಳಲ್ಲಿ ಯಾವುದಿದ್ದರೂ ಮನೆಯವರಿಗೆ ತಿಳಿಸಿ. 14416 ಸಂಖ್ಯೆಯ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯದ ಸಹಾಯವಾಣಿಗೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಪ್ರಶ್ನೆ: 17 ವರ್ಷದ, 62 ಕೆ.ಜಿ. ತೂಕದ ಮಗ ಜಿಮ್‌ಗೆ ಸೇರಿದ್ದಾನೆ. ಅಲ್ಲಿನ ತರಬೇತುದಾರರು ಪ್ರೋಟೀನ್ ಪೌಡರ್ ಇಲ್ಲದೆ ಮೈ ಕಟ್ಟುವುದಿಲ್ಲ ಎನ್ನುತ್ತಾರೆ. ಕೊಡಿಸಬೇಕೇ? ನಾವು ಮೊಟ್ಟೆ ತಿನ್ನುತ್ತೇವೆ.
ಓದುಗರೊಬ್ಬರು, ಯಲಹಂಕ, ಬೆಂಗಳೂರು

ಉತ್ತರ: ಬೇಕಾಗಿಲ್ಲ. ಈ ವಯಸ್ಸಿನ ಹುಡುಗನಿಗೆ ಶಿಫಾರಸು ಮಾಡಿರುವುದು ದಿನಕ್ಕೆ 55 ಗ್ರಾಂ ಪ್ರೋಟೀನ್. ವ್ಯಾಯಾಮದ ಕಾರಣಕ್ಕೆ ಪ್ರತಿ ಕಿಲೋ ತೂಕಕ್ಕೆ 1.2 ಗ್ರಾಂ ಎಂದು ಹೆಚ್ಚಿಸಿಕೊಂಡರೂ 75 ಗ್ರಾಂ ದಾಟುವುದಿಲ್ಲ. 400 ಗ್ರಾಂ ಧಾನ್ಯದಿಂದ ಸುಮಾರು 34, 100 ಗ್ರಾಂ ಬೇಳೆಕಾಳಿನಿಂದ 22, ಅರ್ಧ ಲೀಟರ್ ಹಾಲು ಮೊಸರಿನಿಂದ 16, ಎರಡು ಮೊಟ್ಟೆಯಿಂದ 12 ಗ್ರಾಂ ಸೇರಿದರೆ 84 ಆಯಿತು. ವ್ಯಾಯಾಮ ಮುಗಿಸಿ ಬಂದ ಮೇಲೆ ಎರಡು ಬೇಯಿಸಿದ ಮೊಟ್ಟೆ, ಒಂದು ಲೋಟ ಹಾಲು, ಎರಡು ಬಾಳೆಹಣ್ಣು ಕೊಡಿ. ಅದಾದ ಒಂದು ಗಂಟೆಯೊಳಗೆ ಪೂರ್ತಿ ಊಟ ಸಿಗುವಂತೆ ನೋಡಿಕೊಳ್ಳಿ. ಅವನು ಜಿಮ್‌ನಿಂದ ನೇರವಾಗಿ ಕಾಲೇಜಿಗೆ ಹೋಗುವವನಾದರೆ ಮೊಟ್ಟೆಯನ್ನೂ ಹಣ್ಣನ್ನೂ ಡಬ್ಬಿಯಲ್ಲಿ ಹಾಕಿಕೊಡಿ.